ಮೀನಖಂಡದ ಗಂಟು

ಫೆಬ್ರವರಿ ೯

ಅಮ್ಮಾ,

ರಾತ್ರಿ ಎರಡೂ ಮುಕ್ಕಾಲು. ಗೋಡೆಯೊಳಗಿನ ನೀರಿನ ಪೈಪು ಧಡ್ ಎಂದು ಗುದ್ದಿಕೊಂಡ ಸದ್ದಿಗೆ ಎಚ್ಚರವಾಯಿತು. ಮೇಲಿನ ಮನೆಯವರು ಯಾರೋ ನಲ್ಲಿ ನಿಲ್ಲಿಸಿರಬೇಕು. ತೊಟ್ಟಿಲಲ್ಲಿದ್ದ ಮರಿ ಅಲ್ಲಾಡಲಿಲ್ಲ. ನಾನು ಮಾತ್ರ ನೀನೇ ಎದ್ದಿದ್ದೀಯ ಅಂದುಕೊಂಡು ಹಾಲ್‌ಗೆ ಹೋಗಿ ದೀಪ ಹಾಕಿದೆ. ಸೋಫಾ ಖಾಲಿ. ನೀನು ಮಡಿಸಿಟ್ಟು ಹೋದ ಹೊದಿಕೆ ಮೂಲೆಗೆ ಮೂಲೆ ಕೂಡಿಸಿಕೊಂಡು ಹಾಗೇ ಕೂತಿದೆ. ಆಸ್ಪತ್ರೆಯ ಲಾಂಡ್ರಿಯಲ್ಲಿ ಇಡೀ ಆಯುಷ್ಯ ಬೆಡ್‌ಶೀಟು ಮಡಿಸಿದ ಕೈಗೆ ಬೇರೆ ಥರ ಮಡಿಸಲು ಬರುವುದಿಲ್ಲವೇನೋ. ಅದನ್ನು ಬಿಡಿಸಿ ಹೊದ್ದುಕೊಳ್ಳಲು ಮನಸ್ಸು ಬರಲಿಲ್ಲ, ಪಕ್ಕದಲ್ಲಿ ಕೂತು ಬರೆಯುತ್ತಿದ್ದೇನೆ.

ಕಳೆದ ವಾರ ನೀನು ಇಲ್ಲಿದ್ದಾಗಲೂ ಇಂಥದೇ ಸದ್ದಿಗೆ ಎದ್ದು ಬಂದಿದ್ದೆ. ನೀನು ಕತ್ತಲಲ್ಲಿ ಎರಡೂ ಅಂಗೈ ಗೋಡೆಗೆ ಒತ್ತಿ, ಒಂದು ಕಾಲು ಹಿಂದಕ್ಕೆ ಚಾಚಿ, ಗೋಡೆಯನ್ನು ಪಕ್ಕದ ಮನೆಯೊಳಕ್ಕೆ ತಳ್ಳುವವಳಂತೆ ನಿಂತಿದ್ದೆ. ಹಿಮ್ಮಡಿಯಿಂದ ನೆಲ ಗುದ್ದುತ್ತಿದ್ದೆ. ನಿನ್ನ ಕಿವಿಯ ಯಂತ್ರ ಮೇಜಿನ ಮೇಲಿತ್ತು, ಹಾಗಾಗಿ ನಾನು ಕೇಳಿದ್ದು ನಿನಗೆ ಕೇಳಿಸಲಿಲ್ಲ. ನನ್ನ ಮುಖ ನೋಡಿ "ಸ್ವಿಚ್ ಹುಡುಕ್ತಿದೀನಿ, ಮಲಕ್ಕೋ ಹೋಗು" ಅಂದೆ. ಸ್ವಿಚ್ಚು ನಿನ್ನ ಬೆನ್ನ ಹಿಂದೆ ಇತ್ತು. ನಿನ್ನ ಮೇಲ್ದುಟಿಯ ಮೇಲೆ ಬೆವರಿತ್ತು.

ಮಾರನೆಯ ಬೆಳಿಗ್ಗೆ ಮರಿಯನ್ನು ಎತ್ತಿಕೊಂಡು ಕಿಟಕಿಯ ಹತ್ತಿರ ನಿಂತಿದ್ದವಳು ಇದ್ದಕ್ಕಿದ್ದಂತೆ "ತಗೋ, ತಗೋ" ಎಂದು ಅವಳನ್ನು ನನ್ನ ಕೈಗೆ ತುರುಕಿ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡೆ. ಹೊರಗೆ ಬಂದ ಮೇಲೆ ಮತ್ತೆ ಮುಟ್ಟಲಿಲ್ಲ. ವಾರಪೂರ್ತಿ ಇರುತ್ತೇನೆ ಅಂದವಳು ಸಂಜೆಯ ಬಸ್ಸಿಗೇ ಹೊರಟೆ. ಜಿಮ್ಮಿಗೆ ರಜಾ ಹಾಕಿದರೆ ಮೈ ತುಕ್ಕು ಹಿಡಿಯುತ್ತದೆ ಅಂದೆ. ಇವರು ನಕ್ಕರು. ನನಗೆ ನಗು ಬರಲಿಲ್ಲ.

ಫೋನಿನಲ್ಲಿ ಕೇಳಬಹುದಿತ್ತು. ಆದರೆ ಫೋನು ಕಿವಿಗಿಟ್ಟ ಕೂಡಲೇ ನಿನ್ನ ಯಂತ್ರ ಕುಂಯ್ಗುಡುತ್ತದೆ, ನೀನು ಎಲ್ಲದಕ್ಕೂ "ಹ್ಞೂಂ, ಸರಿ ಸರಿ" ಅಂದುಬಿಡುತ್ತೀಯ. ಮೆಸೇಜು ಕಳಿಸಿದರೆ ಹೆಬ್ಬೆರಳಿನ ಚಿತ್ರ ಬರುತ್ತದೆ. ಕಾಗದಕ್ಕಾದರೂ ಹೆಬ್ಬೆರಳು ತೋರಿಸಲು ಆಗುವುದಿಲ್ಲವಲ್ಲ.

ನಿನ್ನ ಕಾಲಿಗೆ ಏನಾಗಿದೆ, ಅಮ್ಮ? ಮತ್ತೆ, ನನ್ನ ಮಗು ನಿನಗೇನು ಮಾಡಿತು?

ನಿನ್ನ ಮಗಳು

*

ಫೆಬ್ರವರಿ ೨೦

ಮಗಳೇ,

ಕಾಗದ ಬಂತು. ಇಷ್ಟುದ್ದ ಬರೆಯುವ ಹೊತ್ತಿನಲ್ಲಿ ಕಣ್ಣು ಮುಚ್ಚಿಕೊಂಡಿದ್ದರೆ ಒಂದು ನಿದ್ದೆ ಆಗುತ್ತಿತ್ತು. ಕೂಸು ಮಲಗಿದಾಗ ನೀನೂ ಮಲಗು.

ಕಾಲಿಗೆ ಏನೂ ಆಗಿಲ್ಲ. ರಾತ್ರಿ ಹೊತ್ತು ಹಿಡಿದುಕೊಳ್ಳುತ್ತದೆ, ಅಷ್ಟೆ. ಮೀನಖಂಡ ಗಂಟು ಕಟ್ಟುತ್ತದೆ. ಒಳಗೆ ಯಾರೋ ಇಬ್ಬರು ಎದುರುಬದುರು ನಿಂತು ಒದ್ದೆ ಬೆಡ್‌ಶೀಟು ಹಿಂಡುತ್ತಿದ್ದಾರೆ ಅಂದುಕೋ. ಹಿಮ್ಮಡಿ ನೆಲಕ್ಕೊತ್ತಿ ಗೋಡೆ ತಳ್ಳಿದರೆ ನಿಧಾನಕ್ಕೆ ಬಿಡುತ್ತದೆ. ಜಿಮ್ಮಿನ ಟ್ರೇನರ್ ಹುಡುಗಿ ಕಲಿಸಿಕೊಟ್ಟದ್ದು. ಅವಳಿಗೆ ನಿನಗಿಂತ ಚಿಕ್ಕ ವಯಸ್ಸು, ನಾನು ಮೇಡಂ ಅನ್ನುತ್ತೇನೆ, ಅವಳು ನನಗೆ ಅಮ್ಮಾ ಅನ್ನುತ್ತಾಳೆ, ಬೈಯುವಾಗ ಮಾತ್ರ "ರೀ". ವಯಸ್ಸಾದ ಮೈ ಬೇಗ ದಣಿಯುತ್ತೆ, ಬಾಯಾರಿಕೆ ತಡವಾಗಿ ಗೊತ್ತಾಗುತ್ತೆ, ಭಾರ ಎತ್ತುವ ಮೊದಲು ಕಾಲು ಗಂಟೆ ಮೈ ಬಿಸಿ ಮಾಡಿಕೊಳ್ಳಿ ಅನ್ನುತ್ತಾಳೆ. ನನಗೆ ಅಷ್ಟು ತಾಳ್ಮೆ ಎಲ್ಲಿದೆ.

ನೀನು ಕೇಳಲಿಲ್ಲ, ಆದರೂ ಹೇಳುತ್ತೇನೆ. ಜೂನ್‌ನಲ್ಲಿ ಸ್ಪರ್ಧೆ ಇದೆ, ನಿಮ್ಮ ಊರಿನಲ್ಲೇ. ಅರವತ್ತು ದಾಟಿದ ಹೆಂಗಸರ ವಿಭಾಗ. ಮೂರು ಥರ ಎತ್ತಬೇಕು: ಹೆಗಲ ಮೇಲೆ ಭಾರ ಹೊತ್ತು ಕುಕ್ಕರಗಾಲಿನಲ್ಲಿ ಕೂತು ಏಳುವುದು ಒಂದು, ಬೆಂಚಿನ ಮೇಲೆ ಮಲಗಿ ತಳ್ಳುವುದು ಒಂದು, ನೆಲದ ಮೇಲಿನ ಬಾರು, ಅಂದರೆ ತೂಕ ಸಿಕ್ಕಿಸಿದ ಕಬ್ಬಿಣದ ಸರಳು, ಹಿಡಿದು ನೆಟ್ಟಗೆ ನಿಲ್ಲುವುದು ಒಂದು. ಮೈ ತೂಕದ ಮೇಲೆ ಗುಂಪು ಮಾಡುತ್ತಾರೆ. ನಾನು ಅರವತ್ತಮೂರು ಕೆಜಿಯ ಗುಂಪಿಗೆ ಹೆಸರು ಕೊಟ್ಟಿದ್ದೇನೆ. ಅದರಲ್ಲಿ ಗೆಲ್ಲಬಹುದು ಎಂದು ಮೇಡಂ ಲೆಕ್ಕ. ಅದರ ಮೇಲಿನ ಗುಂಪಿನಲ್ಲಿ ಮೀನಂಗಡಿಯ ಹೆಂಗಸೊಬ್ಬಳಿದ್ದಾಳೆ, ನನ್ನಂಥ ಇಬ್ಬರನ್ನು ಕಂಕುಳಲ್ಲಿಟ್ಟುಕೊಂಡು ಹೋಗುತ್ತಾಳೆ.

ಸ್ಪರ್ಧೆ ಮುಗಿಯುವ ತನಕ ಅಲ್ಲಿಗೆ ಬರಲಾಗುವುದಿಲ್ಲ. ಅಳಿಯಂದಿರಿಗೆ ಹೇಳು.

ಅಮ್ಮ

*

ಮಾರ್ಚ್ ೧೪

ಅಮ್ಮಾ,

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ. ಕಾಲಿನ ಬಗ್ಗೆ ಒಂದು ಪುಟ, ಬಾರಿನ ಬಗ್ಗೆ ಒಂದು ಪುಟ, ಮೀನಂಗಡಿಯವಳಿಗೂ ಎರಡು ಸಾಲು. ಮರಿಗೆ ಮಾತ್ರ "ಕೂಸು ಮಲಗಿದಾಗ ನೀನೂ ಮಲಗು".

ಇಲ್ಲಿ ಬೆಳಿಗ್ಗೆಯಿಂದ ಮಾತಾಡಲು ಒಂದು ನರಪಿಳ್ಳೆ ಇಲ್ಲ. ಇವರು ರಾತ್ರಿಯಿಡೀ ಶೈತ್ಯಾಗಾರದ ವ್ಯಾನು ಓಡಿಸಿ ಏಳು ಗಂಟೆಗೆ ಬಂದು ಕಿಟಕಿಯ ಪರದೆ ಎಳೆದು ಮಲಗುತ್ತಾರೆ. ನಾನು, ಮರಿ ಅಡುಗೆಮನೆಗೆ ಬಂದು ಬಾಗಿಲು ಮುಚ್ಚಿಕೊಳ್ಳುತ್ತೇವೆ. ಪಾತ್ರೆ ಸದ್ದಾದರೆ ಅವರಿಗೆ ಎಚ್ಚರ, ಅವರು ಕೆಮ್ಮಿದರೆ ಇವಳಿಗೆ ಎಚ್ಚರ. ಎದುರಿನ ದರ್ಜಿ ಅಂಗಡಿಯ ಗಾಜಿನೊಳಗೆ ತಲೆಯಿಲ್ಲದ ಗೊಂಬೆ ಒಂದಿದೆ. ಅದಕ್ಕೆ ದರ್ಜಿ ಹೊಸ ಕೋಟು ಹಾಕಿದ ದಿನ ನನಗೆ ಹೇಳಿಕೊಳ್ಳಲು ಒಂದು ಸುದ್ದಿ ಸಿಕ್ಕಿದ ಹಾಗೆ. ಹೇಳಿಕೊಳ್ಳುವುದು ಯಾರಿಗೆ ಎಂಬುದು ಆಮೇಲೆ ಹೊಳೆಯುತ್ತದೆ.

ಮೊನ್ನೆ ಮರಿ ಅತ್ತು ಅತ್ತು ಮುಖ ನೀಲಿಯಾಯಿತು. ಡಾಕ್ಟರು ಹೊಟ್ಟೆಯ ಗಾಳಿ ಅಂದರು. ಆ ಒಂದು ಗಂಟೆ ನಾನು ಅವಳನ್ನು ಹೊತ್ತು ಹಾಲ್‌ನಲ್ಲಿ ಅತ್ತಿಂದಿತ್ತ ನಡೆದೆ. ನನಗೆ ಕಾಲು ಹಿಡಿಯಲಿಲ್ಲ, ಕೈ ಹಿಡಿಯಲಿಲ್ಲ, ಎದೆ ಹಿಡಿದುಕೊಂಡಿತು. ನೀನಿದ್ದಿದ್ದರೆ ಎಂದು ಅನ್ನಿಸಿತು. ನೀನು ಆ ಹೊತ್ತಿಗೆ ಎಲ್ಲೋ ನೆಲದ ಮೇಲಿನ ಕಬ್ಬಿಣ ಎತ್ತುತ್ತಿದ್ದೆ.

ನಿನ್ನ ಕಾಲಿನ ವಿಷಯ ಓದಿ ತಿಳಿದುಕೊಂಡಿದ್ದೇನೆ, ಬೇಡವೆಂದರೂ ಬಿಡುವುದಿಲ್ಲ. ದಣಿವಿನಿಂದ ಬರುತ್ತದೆ, ನೀರು ಕಡಿಮೆಯಾದರೆ ಬರುತ್ತದೆ, ಕೆಲವು ಮಾತ್ರೆಗಳಿಂದಲೂ ಬರುತ್ತದೆ. ನೀನು ಏನೇನು ಮಾತ್ರೆ ನುಂಗುತ್ತೀಯ? ಹೆಸರು ಬರೆ. ಮಾತ್ರೆಯ ಪಟ್ಟಿಯ ಹಿಂದೆ ಸಣ್ಣ ಅಕ್ಷರದಲ್ಲಿ ಇರುತ್ತದೆ, ಕನ್ನಡಕ ಹಾಕಿಕೊಂಡು ನೋಡು.

ಕಬ್ಬಿಣಕ್ಕೆ ನಿನ್ನ ತೋಳಿದೆ, ನನ್ನ ಮಗುವಿಗಿಲ್ಲ. ಇದನ್ನು ಬರೆದು ಹೊಡೆದುಹಾಕಬೇಕೆಂದುಕೊಂಡೆ. ಹೊಡೆದುಹಾಕುವುದಿಲ್ಲ.

ಇಂತು

*

ಏಪ್ರಿಲ್ ೬

ಮಗಳೇ,

ಉತ್ತರ ಬರೆಯಲು ಕೂತು ಮೂರು ಸಲ ಎದ್ದೆ. ಹೊರಗೆ ಹೋದರೆ ಜಿಮ್ಮಿನ ಕೆಳಗಿನ ಟೈರಿನ ಅಂಗಡಿಯವನು "ಏನಮ್ಮ, ಇವತ್ತು ಜಿಮ್ಮಿಗೆ ಹತ್ತಲಿಲ್ವಾ, ಮೆಟ್ಟಿಲಿಗೆ ಬೇಜಾರಾಗಿದೆ" ಅಂದ. ಅವನಿಗೆ ಉತ್ತರ ಕೊಡುವುದು ಸುಲಭ.

ಆ ದಿನ ಕಿಟಕಿಯ ಹತ್ತಿರ ಆದದ್ದು ಇಷ್ಟು. ಕೂಸು ನನ್ನ ಎಡಗೈ ಮೇಲಿತ್ತು, ಬಲಗೈ ಅದರ ಕತ್ತಿನ ಕೆಳಗೆ. ಅದು ನನ್ನ ಕಿವಿಯ ಯಂತ್ರ ನೋಡಿ ಬಾಯಿ ಬಿಟ್ಟಿತು, ನಗುವುದಕ್ಕೋ ಏನೋ. ಅಷ್ಟರಲ್ಲಿ ಬಲಗೈಯ ಬೆರಳುಗಳು ಒಳಕ್ಕೆ ಮಡಿಸಿಕೊಂಡವು. ಬಿಡಿಸಲು ಹೋದರೆ ಬಿಡಲಿಲ್ಲ. ನನ್ನ ಕೈ, ನನ್ನ ಮಾತು ಕೇಳಲಿಲ್ಲ. ಕತ್ತು ಹಿಂದಕ್ಕೆ ವಾಲಿತು, ಒಂದು ಉಸಿರಿನಷ್ಟು ಹೊತ್ತು. ಆಮೇಲೆ ನಿನಗೆ ಕೊಟ್ಟುಬಿಟ್ಟೆ. ಬಚ್ಚಲಲ್ಲಿ ಬಿಸಿನೀರು ಬಿಟ್ಟುಕೊಂಡು ಬೆರಳು ಒಂದೊಂದೇ ಬಿಡಿಸಿಕೊಂಡೆ.

ನೀನು ನೋಡಿಲ್ಲ ಅಂತ ಗೊತ್ತಿತ್ತು. ನೋಡಿಲ್ಲವಲ್ಲ ಎಂದು ಸಮಾಧಾನ ಪಟ್ಟುಕೊಂಡೆ. ಇದನ್ನು ಮೇಡಂಗೂ ಹೇಳಿಲ್ಲ. ಲಾಂಡ್ರಿಯಲ್ಲಿ ಮೂರಾಳು ಹಿಡಿಯುವ ಒದ್ದೆ ಗಂಟನ್ನು ನಾನೊಬ್ಬಳೇ ಎತ್ತಿ ಡ್ರಯರಿಗೆ ಹಾಕುತ್ತಿದ್ದೆ, ಆಗ ನಿನ್ನನ್ನೂ ಬೆನ್ನಿಗೆ ಕಟ್ಟಿಕೊಂಡಿದ್ದೆ. ಈಗ ನಾಲ್ಕು ಕೆಜಿ ಕೂಸು. ಈ ಮೈಯನ್ನು ಮತ್ತೆ ನನ್ನ ಮಾತು ಕೇಳುವ ಹಾಗೆ ಮಾಡಿಕೊಂಡೇ ಬರುತ್ತೇನೆ ಎಂದುಕೊಂಡು ಎರಡು ಪಟ್ಟು ಎತ್ತತೊಡಗಿದೆ. ಎತ್ತಿದಷ್ಟೂ ರಾತ್ರಿ ಹೆಚ್ಚು ಹಿಡಿಯುತ್ತಿದೆ.

ಮಾತ್ರೆ ಒಂದೇ, ಬಿಪಿಯದು. ಅದನ್ನು ನುಂಗಿದರೆ ರಾತ್ರಿಯಿಡೀ ಬಚ್ಚಲಿಗೆ ಓಡಾಡುವುದೇ ಕೆಲಸ. ಹೆಸರನ್ನು ಪಟ್ಟಿ ನೋಡಿ ಬೇರೆ ಚೀಟಿಯಲ್ಲಿ ಬರೆದು ಒಳಗಿಟ್ಟಿದ್ದೇನೆ. ಡಾಕ್ಟರಿಗೆ ಭಾರ ಎತ್ತುವ ವಿಷಯ ಹೇಳಿಲ್ಲ, ನಿಲ್ಲಿಸು ಅಂದುಬಿಟ್ಟರೆ?

ತೋಳಿನ ಮಾತು ಹೊಡೆದುಹಾಕದೆ ಇದ್ದದ್ದು ಒಳ್ಳೆಯದಾಯಿತು.

ಅಮ್ಮ

*

ಏಪ್ರಿಲ್ ೧೨

ಅಮ್ಮಾ,

ನಿನ್ನ ಕಾಗದ ಓದಿ ಮೊದಲು ಮಾಡಿದ ಕೆಲಸ ಮರಿಯ ಕತ್ತಿನ ಹಿಂದೆ ಕೈಯಿಟ್ಟು ನೋಡಿದ್ದು. ಅವಳ ಕತ್ತು ಈಗ ಗಟ್ಟಿಯಾಗಿದೆ. ತಾನೇ ಎತ್ತಿಕೊಂಡು ಸುತ್ತ ನೋಡುತ್ತಾಳೆ, ಮನೆ ತಪಾಸಣೆಗೆ ಬಂದ ಇನ್‌ಸ್ಪೆಕ್ಟರಂತೆ. ಎರಡನೆಯ ಕೆಲಸ ಅತ್ತದ್ದು. ಬಚ್ಚಲಲ್ಲಿ, ನಿನ್ನ ಹಾಗೇ, ಚಿಲಕ ಹಾಕಿಕೊಂಡು. ನಮ್ಮಿಬ್ಬರಿಗೂ ಈ ಮನೆಯಲ್ಲಿ ಅದೊಂದೇ ಜಾಗ ಸಿಗುವುದೇಕೋ.

ನೀನು ಅವತ್ತೇ ಹೇಳಿದ್ದರೆ ನಾನು ಹೆದರುತ್ತಿದ್ದೆ, ನಿಜ. ಈ ಎರಡು ತಿಂಗಳು ಅಂದುಕೊಂಡದ್ದನ್ನೆಲ್ಲ ಅಂದುಕೊಳ್ಳುತ್ತಿರಲಿಲ್ಲ, ಅದೂ ನಿಜ.

ಈಗ ನಾನು ಹೇಳುವುದನ್ನು ಕೇಳು. ಮಾತ್ರೆಯ ಹೆಸರು ನೋಡಿದೆ. ಅದು ಮೈಯಿಂದ ನೀರನ್ನೂ ಉಪ್ಪನ್ನೂ ಹೊರಗೆ ತಳ್ಳುವ ಮಾತ್ರೆ. ನೀರಿನ ಪರೀಕ್ಷಾಲಯದಲ್ಲಿ ನಾಲ್ಕು ವರ್ಷ ಕೆಲಸ ಮಾಡಿದವಳು ನಾನು, ಯಾವ ಉಪ್ಪು ಎಷ್ಟಿದೆ ಎಂದು ನೋಡುವುದೇ ಉದ್ಯೋಗವಾಗಿತ್ತು. ನೀನು ಜಿಮ್ಮಿನಲ್ಲಿ ಬೆವರಿನಲ್ಲಿ ಕಳೆದುಕೊಳ್ಳುತ್ತೀಯ, ರಾತ್ರಿ ಮಾತ್ರೆಯಿಂದ ಕಳೆದುಕೊಳ್ಳುತ್ತೀಯ, ಬಾಯಾರುವವರೆಗೆ ಕುಡಿಯುವುದಿಲ್ಲ. ಡಾಕ್ಟರಿಗೆ ಕಬ್ಬಿಣದ ವಿಷಯ ಗೊತ್ತಿಲ್ಲ, ಟ್ರೇನರಿಗೆ ಮಾತ್ರೆಯ ವಿಷಯ ಗೊತ್ತಿಲ್ಲ. ಇಬ್ಬರಿಗೂ ಅರ್ಧರ್ಧ ಹೇಳಿ ಪೂರ್ತಿ ಉಪಚಾರ ಮಾಡಿ ಅಂದರೆ ಅವರೇನು ಮಾಡುತ್ತಾರೆ? ನೀನಾಗಿ ಮಾತ್ರೆ ನಿಲ್ಲಿಸಬೇಡ. ಡಾಕ್ಟರ ಹತ್ತಿರ ಹೋಗು, ಎಲ್ಲ ಹೇಳು. ನಿಲ್ಲಿಸು ಅಂದರೆ ನನಗೆ ಬರೆ, ನಾನು ಅವರ ಜೊತೆ ಜಗಳ ಆಡುತ್ತೇನೆ.

ಮತ್ತೆ ಇಲ್ಲಿಗೆ ಬಾ. ನಿಂತು ಎತ್ತಿಕೊಳ್ಳಬೇಡ. ಹಾಸಿಗೆಯ ಮೇಲೆ ಗೋಡೆಗೊರಗಿ ಕೂರು, ತೊಡೆಯ ಮೇಲೆ ದಿಂಬು, ದಿಂಬಿನ ಮೇಲೆ ಅವಳು. ಕೈ ಮುಚ್ಚಿಕೊಂಡರೂ ಅವಳಿಗೇನೂ ಆಗುವುದಿಲ್ಲ. ಪಕ್ಕದಲ್ಲಿ ನಾನಿರುತ್ತೇನೆ.

ನಿನ್ನ ಮಗಳು

*

ಮೇ ೨೪

ಮಗಳೇ,

ಕಾಗದ ತಡವಾಯಿತು, ಸುದ್ದಿ ಒಳ್ಳೆಯದು. ಡಾಕ್ಟರಿಗೆ ಎಲ್ಲ ಹೇಳಿದೆ. ಅವರು ನಿಲ್ಲಿಸು ಅನ್ನಲಿಲ್ಲ. ಅರವತ್ತನಾಲ್ಕನೇ ವಯಸ್ಸಿಗೆ ಎಷ್ಟು ಎತ್ತುತ್ತೀರಿ ಎಂದು ಕೇಳಿದರು. ಹೇಳಿದೆ. ಪೆನ್ನು ಕೆಳಗಿಟ್ಟು ತಮ್ಮ ಸೊಂಟನೋವಿನ ಕತೆ ಶುರು ಮಾಡಿದರು. ರಕ್ತ ನೋಡಿ, ಉಪ್ಪಿನ ಅಂಶ ಕಡಿಮೆ ಇದೆ ಎಂದು ಆ ಮಾತ್ರೆ ನಿಲ್ಲಿಸಿ ಬೇರೆ ಕೊಟ್ಟರು. ಮೇಡಂಗೂ ಹೇಳಿದೆ. ಅವಳು ನನ್ನನ್ನು ಬೆಂಚಿನ ಮೇಲೆ ಕೂರಿಸಿ ಎಲ್ಲರೆದುರು "ರೀ, ಇದನ್ನ ಮೊದಲೇ ಹೇಳೋಕೆ ಏನಾಗಿತ್ರೀ ನಿಮಗೆ" ಅಂದಳು. ವಾರಕ್ಕೆ ಒಂದೇ ದಿನ ದೊಡ್ಡ ಭಾರ, ನಡುನಡುವೆ ಕೂತು ವಿಶ್ರಾಂತಿ, ಪಕ್ಕದಲ್ಲಿ ನೀರಿನ ಬಾಟಲಿ. ಬಾಟಲಿ ಖಾಲಿಯಾಗದೆ ಮನೆಗೆ ಬಿಡುವುದಿಲ್ಲ.

ಈಗ ಮೂರು ವಾರದಿಂದ ಕಾಲು ಹಿಡಿದಿಲ್ಲ. ಬೆರಳೂ ಮಡಿಸಿಕೊಂಡಿಲ್ಲ. ರಾತ್ರಿ ಮಲಗಿದರೆ ಬೆಳಿಗ್ಗೆಯೇ. ಈ ಥರ ನಿದ್ದೆ ಮಾಡಿ ಎಷ್ಟು ಕಾಲವಾಗಿತ್ತೋ, ಎದ್ದ ಮೇಲೆ ಯಾವ ಮನೆಯಲ್ಲಿದ್ದೇನೆ ಎಂದು ಒಂದು ಗಳಿಗೆ ಗೊತ್ತಾಗಲಿಲ್ಲ. ಆಮೇಲೆ ಗೊತ್ತಾಯಿತು. ಯಾರೂ ಇಲ್ಲದ ಮನೆ, ಸದ್ದೂ ಇಲ್ಲ, ಕಿವಿಯ ಯಂತ್ರ ಹಾಕಿಕೊಂಡರೂ ಅಷ್ಟೇ.

ಒಂದೇ ತೊಂದರೆ. ಆ ಮಾತ್ರೆ ನಿಂತ ಮೇಲೆ ಮೈಯಲ್ಲಿ ನೀರು ನಿಲ್ಲುತ್ತಿದೆ, ಹಸಿವೆಯೂ ಬಂದಿದೆ. ತೂಕ ಅರವತ್ತನಾಲ್ಕೂವರೆ. ಹೆಸರು ಕೊಟ್ಟ ಗುಂಪಿಗೆ ಒಂದೂವರೆ ಹೆಚ್ಚು. ಮೇಲಿನ ಗುಂಪಿಗೆ ಹೋಗೋಣ ಬಿಡಿ ಎಂದು ಮೇಡಂ ಹೇಳಿದಳು. ನಾನು ಇಳಿಸುತ್ತೇನೆ ಎಂದೆ. ಅಲ್ಲಿ ಮೀನಂಗಡಿಯವಳ ಪಕ್ಕ ನಿಂತರೆ ನಾನು ಅವಳ ಚೀಲ ಹಿಡಿಯಲು ಬಂದವಳ ಹಾಗೆ ಕಾಣುತ್ತೇನೆ. ಇಷ್ಟು ವರ್ಷ ಎತ್ತಿದ್ದೆಲ್ಲ ಬೇರೆಯವರ ಬಟ್ಟೆ. ಒಂದು ಸಲ ಎತ್ತಿದ್ದಕ್ಕೆ ನನ್ನ ಹೆಸರು ಹೇಳಿ ಕರೆಯಲಿ ಎಂದು ಆಸೆ.

ಸ್ಪರ್ಧೆಯ ಹಿಂದಿನ ದಿನ ನಾನು, ಮೇಡಂ ಬರುತ್ತೇವೆ. ಸ್ಪರ್ಧೆಯ ಹಾಲ್ ಪಕ್ಕದ ಲಾಡ್ಜಿನಲ್ಲಿ ಇಳಿಯುತ್ತೇವೆ, ಬೆಳಿಗ್ಗೆ ಬೇಗ ತೂಕ ನೋಡುತ್ತಾರೆ. ನಿನ್ನ ಮನೆಗೆ ಮುಗಿದ ಮೇಲೆ ಬರುತ್ತೇನೆ. ದಿಂಬು ತೆಗೆದಿಟ್ಟಿರು.

ಅಮ್ಮ

*

ಜೂನ್ ೧೩, ರಾತ್ರಿ

ಅಮ್ಮಾ,

ಇದನ್ನು ಅಡುಗೆಮನೆಯಲ್ಲಿ ನಿಂತುಕೊಂಡೇ ಬರೆಯುತ್ತಿದ್ದೇನೆ. ಅಕ್ಷರ ಅಡ್ಡಾದಿಡ್ಡಿಯಾಗಿದೆ, ನಿಧಾನವಾಗಿ ಓದಿಕೋ, ಆದರೆ ಪೂರ್ತಿ ಓದು.

ಸಂಜೆ ಲಾಡ್ಜಿಗೆ ಬಂದಾಗ ನಿನ್ನ ಕೋಣೆಯ ಕಿಟಕಿಗಳೆಲ್ಲ ಮುಚ್ಚಿದ್ದವು. ಈ ಸೆಕೆಯಲ್ಲಿ ಸ್ವೆಟರಿನ ಮೇಲೆ ಸ್ವೆಟರು ಹಾಕಿಕೊಂಡಿದ್ದೆ. ಚಳಿ ಅಂದೆ. ನಿನ್ನ ತುಟಿ ಒಡೆದು ಬಿಳಿಯಾಗಿತ್ತು. ಮಾತಾಡುವಾಗ ನಾಲಿಗೆ ಅಂಗುಳಕ್ಕೆ ಅಂಟಿಕೊಂಡು ಬಿಡುವ ಸದ್ದು ನನಗೆ ಕೇಳಿಸುತ್ತಿತ್ತು. ಟ್ರೇನರ್ ಹುಡುಗಿ ಬಾಗಿಲಲ್ಲಿ ತಲೆ ಹಾಕಿ ತೂಕ ಸರಿ ಇದೆಯಲ್ಲ ಎಂದಾಗ ನೀನು "ಎಲ್ಲ ಸರಿ ಇದೆ, ಮಲಗಿ ಹೋಗಿ ಮೇಡಂ" ಎಂದು ಕಳಿಸಿದೆ. ಕನ್ನಡಕದ ಡಬ್ಬಿಯ ಕೆಳಗೆ ಮಾತ್ರೆಯ ಪಟ್ಟಿ ಇತ್ತು. ನಾನು ನೋಡುತ್ತಿದ್ದೇನೆಂದು ಗೊತ್ತಾಗಿ ಟವೆಲ್ ಹಾಕಿದೆ. ಆದರೆ ಹೆಸರು ಕಂಡಿತ್ತು, ಅಮ್ಮ. ಏಪ್ರಿಲ್‌ನಲ್ಲಿ ನೀನೇ ಚೀಟಿಯಲ್ಲಿ ಬರೆದು ಕಳಿಸಿದ ಹೆಸರು, ಡಾಕ್ಟರು ನಿಲ್ಲಿಸಿದ ಮಾತ್ರೆ. ಪಟ್ಟಿ ಮುಕ್ಕಾಲು ಖಾಲಿಯಾಗಿತ್ತು.

ಆಗಲೇ ಕೇಳಬೇಕಿತ್ತು. ಬಾಯಿ ತೆರೆದೂ ಇದ್ದೆ. ಅಷ್ಟರಲ್ಲಿ ನೀನು ಗೋಡೆಗೊರಗಿ ಕೂತು, ತೊಡೆಯ ಮೇಲೆ ಲಾಡ್ಜಿನ ದಿಂಬಿಟ್ಟುಕೊಂಡು "ಕೊಡು ಇಲ್ಲಿ, ಎಷ್ಟು ದಿನ ಕಾಯಿಸ್ತೀಯ" ಅಂದೆ. ಮರಿ ನಿನ್ನ ಸ್ವೆಟರಿನ ಗುಂಡಿ ಬಾಯಿಗೆ ಹಾಕಿಕೊಂಡಳು. ನೀನು ಅವಳ ತಲೆಯ ಮೇಲೆ ಗದ್ದ ಊರಿ ಕಣ್ಣು ಮುಚ್ಚಿದೆ. ನಾಲ್ಕು ತಿಂಗಳು ಕಾದದ್ದು ಅದಕ್ಕೇ, ಕೆಡಿಸಲು ಮನಸ್ಸಾಗಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ನಿನ್ನ ಪಾದದ ಹೆಬ್ಬೆರಳು ತಾನಾಗಿಯೇ ಮೇಲಕ್ಕೆ ಸೆಟೆಯಿತು, ಮೀನಖಂಡದ ಚರ್ಮದ ಕೆಳಗೆ ಏನೋ ಹರಿದಾಡಿತು, ನಿಂತಿತು, ಮತ್ತೆ ಹರಿದಾಡಿತು. ನೀನು ಮುಖದಲ್ಲಿ ಏನೂ ತೋರಿಸದೆ ಮರಿಯನ್ನು ನನ್ನ ಕೈಗೆ ಕೊಟ್ಟು, ಹೊತ್ತಾಯ್ತು ಹೊರಡು, ಬೆಳಿಗ್ಗೆ ಹಾಲ್‌ಗೆ ಬಂದು ಚಪ್ಪಾಳೆ ಹೊಡಿ ಅಂದೆ. ನಾನು ಹೊರಟೆ. ಮೆಟ್ಟಿಲಿಳಿಯುವಾಗ ಹಿಮ್ಮಡಿಯಿಂದ ನೆಲ ಗುದ್ದುವ ಸದ್ದು ಕೇಳಿಸಿತು. ಆದರೂ ಇಳಿದೆ.

ಈಗ ಗೊತ್ತಾಗುತ್ತಿದೆ ನೀನು ಮಾಡಿರುವುದು ಏನು ಎಂದು. ನೀರು ಕುಡಿಯುವುದು ನಿಲ್ಲಿಸಿದ್ದೀಯ. ಸ್ವೆಟರಿನೊಳಗೆ ಬೆವರುತ್ತಿದ್ದೀಯ. ಉಳಿದದ್ದನ್ನು ಆ ಮಾತ್ರೆಯಿಂದ ಹೊರಗೆ ತಳ್ಳುತ್ತಿದ್ದೀಯ. ಬೆಳಿಗ್ಗೆ ತೂಕದ ಯಂತ್ರದ ಮೇಲೆ ಒಂದೂವರೆ ಕೆಜಿ ಕಡಿಮೆ ಕಾಣಲಿ ಎಂದು. ಕಂಡ ಮೇಲೆ, ಆ ಒಣಗಿದ ಮೈಯಲ್ಲಿ ನಿನ್ನ ತೂಕಕ್ಕಿಂತ ಹೆಚ್ಚು ಭಾರ ಹೆಗಲಿಗೆ ಹಾಕಿಕೊಂಡು ಕೂತು ಏಳುತ್ತೀಯ. ಕಾಲು ಹಿಡಿದರೆ ಬಾರು ನಿನ್ನ ಮೇಲೆ ಬೀಳುತ್ತದೆ. ಅದಲ್ಲ ನನ್ನ ಭಯ. ಅಲ್ಲಿ ಹಿಡಿದುಕೊಳ್ಳುವವರಿರುತ್ತಾರೆ. ಹೃದಯವೂ ಸ್ನಾಯುವೇ ತಾನೇ, ಅಮ್ಮ. ಕಾಲನ್ನು ಗಂಟು ಕಟ್ಟುವ ಉಪ್ಪಿನ ಕೊರತೆ ಅದನ್ನೂ ಬಿಡುವುದಿಲ್ಲ. ಅದು ಹಿಡಿದುಕೊಂಡರೆ ತಳ್ಳಲು ಗೋಡೆ ಎಲ್ಲಿದೆ?

ಆಸ್ಪತ್ರೆಯ ನಂಬರಿಗೆ ಫೋನ್ ಮಾಡಿದೆ. ನರ್ಸು ಹೇಳಿದ್ದಿಷ್ಟು: ಇನ್ನು ಒಂದು ಮಾತ್ರೆಯನ್ನೂ ನುಂಗಕೂಡದು, ಗಟಗಟ ಕುಡಿಯದೆ ಸ್ವಲ್ಪ ಸ್ವಲ್ಪವಾಗಿ ಕುಡಿಯಬೇಕು, ಭಾರ ಎತ್ತುವ ಮಾತೇ ಇಲ್ಲ, ಬೆಳಿಗ್ಗೆ ರಕ್ತಪರೀಕ್ಷೆ ಆಗಬೇಕು. ತಲೆ ಸುತ್ತಿದರೆ, ಎದೆ ತಪ್ಪಿ ತಪ್ಪಿ ಬಡಿದರೆ ಬೆಳಗಿನವರೆಗೂ ಕಾಯದೆ ಬರಬೇಕು. ನಿನಗೆ ಮೂರು ಮೆಸೇಜು ಕಳಿಸಿದೆ. ನೀನು ನೋಡಿಲ್ಲ, ಹೆಬ್ಬೆರಳೂ ಬರಲಿಲ್ಲ. ಟ್ರೇನರ ಫೋನು ಆಫ್ ಆಗಿದೆ. ಲಾಡ್ಜಿಗೆ ಫೋನ್ ಮಾಡಿ ಗುಮಾಸ್ತನನ್ನು ಎಬ್ಬಿಸಿದೆ. ಅವನು ಮೇಲೆ ಹತ್ತಿ ಬಾಗಿಲು ಬಡಿದು ಬಂದು, "ನಿಮ್ಮ ತಾಯಿ ಒಳಗಿಂದ್ಲೇ ಬೈದ್ರು ಮೇಡಂ, ಮಲಗಿದೀನಿ ಹೋಗು ಅಂದ್ರು" ಅಂದ. ಬೈದೆಯಲ್ಲ, ಆ ಒಂದು ಸುದ್ದಿಗೆ ನಾನು ನೆಲದ ಮೇಲೆ ಕೂತುಬಿಟ್ಟೆ. ಟ್ರೇನರನ್ನಾದರೂ ಎಬ್ಬಿಸಿ ಎಂದರೆ ಅವರು ಯಾವ ಕೋಣೆಯಲ್ಲಿದ್ದಾರೋ ಗೊತ್ತಿಲ್ಲ, ಬೆಳಿಗ್ಗೆ ಹೇಳ್ತೀನಿ ಅಂದ.

ನಾನೇ ಬರಬೇಕು. ಆದರೆ ಮರಿಗೆ ಮನೆಗೆ ಬಂದಾಗಿನಿಂದ ಮೈ ಸುಡುತ್ತಿದೆ, ನನ್ನ ಹೆಗಲು ಬಿಟ್ಟರೆ ಕಿರುಚುತ್ತಾಳೆ. ಈ ಕಾಗದವನ್ನೂ ಅವಳನ್ನು ಒಂದು ಕೈಯಲ್ಲಿ ಹಿಡಿದು ಬರೆಯುತ್ತಿದ್ದೇನೆ. ಇವರು ಈಗ ವ್ಯಾನು ಕೆಳಗೆ ನಿಲ್ಲಿಸಿ ಓಡಿಬಂದಿದ್ದಾರೆ, ಬಾಗಿಲಲ್ಲಿ ನಿಂತು ಆಯ್ತಾ, ಆಯ್ತಾ ಅನ್ನುತ್ತಿದ್ದಾರೆ. ಕಾಗದ, ಒಂದು ಬಾಟಲಿ ಉಪ್ಪು ಸಕ್ಕರೆ ಹಾಕಿದ ನೀರು ಇವರ ಕೈಯಲ್ಲಿ ಕಳಿಸುತ್ತಿದ್ದೇನೆ. ಬಾಗಿಲು ತೆರೆಯುವ ತನಕ ಬಡಿಯಿರಿ ಎಂದಿದ್ದೇನೆ. ಇವರಿಗೆ ನಿನ್ನ ಎದುರು ಬಾಯಿ ಬರುವುದಿಲ್ಲ, ನಿನಗೆ ಗೊತ್ತು. ನೀನು ನಗುತ್ತಾ "ಏನಿಲ್ಲ, ಹೋಗಪ್ಪ" ಅಂದರೆ ಸರಿ ಅತ್ತೆ ಎಂದು ಬಾಟಲಿ ಕೊಟ್ಟು ಬಂದುಬಿಡುತ್ತಾರೆ. ಇವರು ನಂಬುತ್ತಾರೆ, ಗುಮಾಸ್ತ ನಂಬುತ್ತಾನೆ, ನಿನ್ನ ಮೇಡಂ ನಂಬಿದಳು. ನಾನು ನಂಬುವುದಿಲ್ಲ. ಕಾಲು ಹಿಡಿದ ಅಮ್ಮ ಸ್ವಿಚ್ಚು ಹುಡುಕುತ್ತಾಳೆ ಎಂದು ನಂಬಿ ಒಮ್ಮೆ ಮಲಗಿದ್ದೇನೆ.

ನಿನ್ನ ಹೆಸರು ಕರೆಯಲಿ ಎಂಬ ಆಸೆ ನನಗೆ ಅರ್ಥವಾಗುತ್ತದೆ. ಮುಂದಿನ ವರ್ಷ ಮೀನಂಗಡಿಯವಳ ಪಕ್ಕ ನಿಂತು ಸೋಲು. ಅಲ್ಲೂ ಹೆಸರು ಕರೆದೇ ಕರೆಯುತ್ತಾರೆ, ಸೋತವರನ್ನೂ ಕರೆದೇ ಸೋಲಿಸುವುದು. ನಾನು ಮರಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಆ ಹಾಲ್‌ನಲ್ಲಿ ನನ್ನ ಗಂಟಲು ಹರಿಯುವ ಹಾಗೆ ಕೂಗುತ್ತೇನೆ. ನಾಳೆ ಮಾತ್ರ ಬೇಡ. ನನ್ನ ಹತ್ತಿರ ಬೇರೆ ಯಾರೂ ಇಲ್ಲ, ಅಮ್ಮ. ಇದನ್ನು ನಾಲ್ಕು ತಿಂಗಳಿನಿಂದ ಬೇರೆ ಬೇರೆ ಮಾತಿನಲ್ಲಿ ಬರೆಯುತ್ತಾ ಬಂದಿದ್ದೇನೆ, ಈಗ ಸುತ್ತಿ ಬಳಸಿ ಹೇಳಲು ಹೊತ್ತಿಲ್ಲ.

ಬಾಟಲಿ ತೆರೆ. ಒಂದು ಗುಟುಕು ಕುಡಿ. ಆಮೇಲೆ ಫೋನು ಕೈಗೆ ತಗೋ. ಯಂತ್ರ ಕೂಗಿದರೆ ಕೂಗಲಿ, ನನ್ನ ಮಾತು ನಿನಗೆ ಕೇಳಿಸಬೇಕಿಲ್ಲ, ನೀನು ಮಾತಾಡಿದರೆ ಸಾಕು. ಕುಡಿದೆ ಅಂತ ಹೇಳು. ಬೈಯಬೇಕೆನಿಸಿದರೆ ಬೈ. ಇವರು ಹೊರಡುತ್ತಿದ್ದಾರೆ. ತೂಕಕ್ಕೆ ಕರೆಯುವ ಮೊದಲು, ಬೆಳಕಾಗುವ ಮೊದಲು, ಫೋನ್ ಮಾಡು ಅಮ್ಮ. ಎಷ್ಟು ಹೊತ್ತಾದರೂ ಸರಿ, ನಾನು ಎದ್ದೇ ಇರುತ್ತೇನೆ. ಬೆಳಗಾಗುವ ಮೊದಲು ಮಾಡು.

ನಿನ್ನ ಮಗಳು